ನೆಲಕ್ಕೆ ಇಡದ ಅಮಾನತ್ತು

ಚನ್ನಗಿರಿ
12-7-1981

ನನ್ನೇಸಾಬನಿಗೆ ಜಯದೇವಪ್ಪ ಬರೆಯುವುದು.

ಕ್ಷೇಮ ಸಮಾಚಾರದಿಂದ ಶುರು ಮಾಡಿದರೆ ನನ್ನ ಕಾಲಿನ ಕಥೆಯೇ ಎರಡು ಹಾಳೆ ನುಂಗುತ್ತದೆ. ಆದ್ದರಿಂದ ನೇರ ವಿಷಯಕ್ಕೆ ಬರುತ್ತೇನೆ. ನಿನ್ನ ವಿಳಾಸ ನನಗೆ ಸಿಕ್ಕಿದ್ದು ನ್ಯಾಮತಿಯಲ್ಲಿ, ಒಂದು ಗಾದಿಯಿಂದ. ಹೋದ ತಿಂಗಳು ನಮ್ಮ ಮನೆಯವಳ ತವರಿಗೆ ಹೋಗಿದ್ದೆ. ಹೊಸ ಗಾದಿ ಹಾಸಿ ಕೂರಿಸಿದರು. ಸುಮ್ಮನೆ ಕೈಯಾಡಿಸುತ್ತಿದ್ದಾಗ ಮೂಲೆಯಲ್ಲಿ ಒಂದು ಗಂಟು ಬೆರಳಿಗೆ ತಾಗಿತು. ನೋಡಿದರೆ, ದೋಣಿಗಳ ಲಂಗರು ಹಗ್ಗಕ್ಕೆ ಹಾಕುತ್ತಿದ್ದೆವಲ್ಲ, ಅದೇ ಗಂಟು. ಗಾದಿಗೆ ಮಿಲಿಟರಿ ಗಂಟು ಹಾಕುವವನು ಈ ಸೀಮೆಯಲ್ಲಿ ಇನ್ನೊಬ್ಬ ಇರಲಾರ ಎಂದುಕೊಂಡು ವಿಚಾರಿಸಿದೆ. ಬಿಳಿಚೋಡಿನಿಂದ ವರ್ಷಕ್ಕೊಮ್ಮೆ ಹತ್ತಿ ಹಿಂಜಲು ಬರುವ ಸಾಬರು ಎಂದರು. ಪುಣ್ಯಾತ್ಮ, ನಾನಿರುವ ಊರಿನಿಂದ ನಲವತ್ತು ಮೈಲಿಯೊಳಗೆ ಗಾದಿ ಹೊಲಿಯುತ್ತಾ ಓಡಾಡಿಕೊಂಡಿದ್ದೀಯ, ಒಂದು ಮಾತು ತಿಳಿಸಲಿಲ್ಲ.

ನಾನು ಈಗ ಸಾಸ್ವೆಹಳ್ಳಿಯಲ್ಲಿಲ್ಲ. ಹೊಲ ಅಣ್ಣ ನೋಡಿಕೊಳ್ಳುತ್ತಾನೆ, ಅವ್ವ ಅವನ ಜೊತೆಗಿದ್ದಾಳೆ. ನಾನು ಇಲ್ಲಿ ಒಂದು ಅಡಿಕೆ ಮಂಡಿಯಲ್ಲಿ ತೂಕ ಮಾಡುತ್ತೇನೆ. ಕೂತು ಮಾಡುವ ಕೆಲಸ, ಎಡಗಾಲಿಗೆ ಹೇಳಿ ಮಾಡಿಸಿದಂತಿದೆ.

ಬರುವ ಡಿಸೆಂಬರಿಗೆ ಯುದ್ಧ ಮುಗಿದು ಹತ್ತು ವರ್ಷ. ಇಲ್ಲಿಯ ಮಾಜಿ ಸೈನಿಕರು ಸೇರಿ ಒಂದು ಸ್ಮರಣ ಸಂಚಿಕೆ ತರುತ್ತಿದ್ದಾರೆ. ಯುದ್ಧದಲ್ಲಿ ನಾವು ನದಿಗೆ ದೋಣಿಗಳ ಸೇತುವೆ ಕಟ್ಟಿದ ಕಥೆ ನೀನೇ ಬರೆ ಎಂದು ನನಗೆ ಗಂಟು ಹಾಕಿದ್ದಾರೆ. ಬರೆಯುತ್ತಾ ಹೋದೆ, ಎಲ್ಲ ಬಂತು, ಆ ಒಂದು ಬೆಳಗು ಮಾತ್ರ ಬರಲಿಲ್ಲ. ಮಂಜು ಕವಿದಿತ್ತು, ಲಂಗರು ಹಗ್ಗ ನೀರಿನಡಿ ಸಿಕ್ಕಿಕೊಂಡಿತ್ತು, ಯಾರು ಮುಳುಗುತ್ತೀರಿ ಎಂದು ಹವಾಲ್ದಾರರು ಕೇಳಿದರು. ಅಲ್ಲಿಗೆ ಮುಗಿಯಿತು. ಆಮೇಲೆ ನೆನಪಿರುವುದು ಆಸ್ಪತ್ರೆಯ ಚಾವಣಿ. ನಡುವಿನ ಅರ್ಧ ಗಂಟೆ ನನ್ನ ತಲೆಯಲ್ಲಿಲ್ಲ. ನೀನು ಪಕ್ಕದಲ್ಲೇ ಇದ್ದೆ. ಅದನ್ನು ಬರೆದು ಕಳಿಸು. ನನಗೆ ಬೇರೆ ಯಾರೂ ಕೊಡಲಾರರು.

ಜಯದೇವಪ್ಪ

ಬಿಳಿಚೋಡು, ಜಗಳೂರು ತಾಲ್ಲೂಕು
3-8-1981

ಜಯದೇವಪ್ಪನವರಿಗೆ ನನ್ನೇಸಾಬನ ಸಲಾಮು.

ತಮ್ಮ ಕಾಗದ ಬಂತು. ನನ್ನ ಹೆಸರಿಗೆ ಕವರು ಬಂದದ್ದು ಮಿಲಿಟರಿ ಬಿಟ್ಟ ಮೇಲೆ ಇದೇ ಮೊದಲು. ಅಂಚೆಯವನು ಕೈಗೆ ಕೊಟ್ಟು ಅಲ್ಲೇ ನಿಂತ. ಯಾರು ತೀರಿಕೊಂಡರು ಎಂದು ಕೇಳಿಕೊಂಡೇ ಹೋಗುವ ಅಂದಾಜು ಅವನದು. ತಮ್ಮ ಅಕ್ಷರ ನೋಡಿ ಗುರುತು ಹತ್ತಿತು.

ಗಾದಿಯ ಗಂಟಿನ ವಿಷಯ ನಿಜ. ಬೇರೆ ಗಂಟು ಹಾಕಲು ಕೈಗೆ ಬರುವುದಿಲ್ಲ. ಹತ್ತಿ ಮತ್ತೆ ಹಿಂಜಿಸಬೇಕಾದಾಗ ಬಿಚ್ಚಾಕೆ ಆಗಲ್ಲ ಎಂದು ಗಿರಾಕಿಗಳು ಬೈಯುತ್ತಾರೆ. ನನ್ನ ಹೆಂಡತಿ ಸುಗ್ರಾ, ಇಬ್ಬರು ಹೆಣ್ಣುಮಕ್ಕಳು ಚೆನ್ನಾಗಿದ್ದಾರೆ. ಮಳೆಗಾಲದಲ್ಲಿ ಹತ್ತಿ ಹಿಂಜುವ ಕೆಲಸ ಕಡಿಮೆ. ಹಾಗೆಂದು ಇಲ್ಲಿ ಮಳೆ ಬರುತ್ತದೆ ಎಂದುಕೊಳ್ಳಬೇಡಿ, ತಿಂಗಳ ಹೆಸರಷ್ಟೇ ಮಳೆಗಾಲ.

ತಮ್ಮ ತಾಯಿಯವರು ಅಣ್ಣನವರ ಜೊತೆಗಿದ್ದಾರೆಂದು ತಿಳಿದು ಸಮಾಧಾನವಾಯಿತು. ಆ ಬೆಳಗಿನ ವಿಷಯ ಕೇಳಿದ್ದೀರಿ. ಬಹಳ ವರ್ಷವಾಯಿತು, ಮಂಜು ಬೇರೆ ಇತ್ತು. ನನಗೂ ಸರಿಯಾಗಿ ನೆನಪಿಲ್ಲ. ಸಂಚಿಕೆ ಚೆನ್ನಾಗಿ ಬರಲಿ.

ನನ್ನೇಸಾಬ

ಚನ್ನಗಿರಿ
14-8-1981

ನನ್ನೇಸಾಬ,

ನಿನ್ನ ಕಾಗದ ಓದಿ ಇದು ತಹಶೀಲ್ದಾರರಿಗೆ ಬರೆದ ಅರ್ಜಿಯೋ ಏನೋ ಎಂದು ಎರಡು ಸಲ ತಿರುಗಿಸಿ ನೋಡಿದೆ. ತಾವಂತೆ, ತಮ್ಮವರಂತೆ. ಹಲಸೂರು ಕೆರೆಯಲ್ಲಿ ದೋಣಿ ನಡೆಸುವುದನ್ನು ಕಲಿಸುವಾಗ ಮೊದಲ ದಿನವೇ ನನ್ನ ಕುತ್ತಿಗೆ ತಬ್ಬಿಕೊಂಡು “ಜಯಣ್ಣಾ, ಬಿಡಬ್ಯಾಡ ಕಣೋ, ನಮ್ಮೂರಾಗೆ ಇಷ್ಟು ನೀರು ಯಾರೂ ಕಂಡಿಲ್ಲ” ಅಂದವನು ಯಾರು? ಮೊಣಕಾಲುದ್ದ ನೀರಿನಲ್ಲಿ ನಿಂತು ಮುಳುಗಿದೆ ಮುಳುಗಿದೆ ಎಂದು ಕೂಗಿಕೊಂಡವನು ಯಾರು? ಅವತ್ತು ಇಲ್ಲದ ಮರ್ಯಾದೆ ಈಗ ಬಂದಿದೆ. ಅದನ್ನು ಅಲ್ಲೇ ಗಾದಿಯೊಳಗೆ ತುಂಬಿ ಹೊಲಿದುಬಿಡು.

ನಾನು ಸಾಸ್ವೆಹಳ್ಳಿಯವನು, ಹೊಳೆಯಲ್ಲೇ ಬೆಳೆದವನು. ನಿನಗೆ ಈಜು ಬರದ ಸಂಗತಿ ಬರೆಯುವಾಗ ಒಂದು ಸಾಲು ಹೆಚ್ಚೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಅಷ್ಟು ಹೆದರುವವನು ಅಲ್ಲಿ ಹದಿನೇಳು ದೋಣಿಗಳ ಮೇಲೆ ಹಲಗೆ ಜೋಡಿಸಿದ್ದು ಹೇಗೆ ಎನ್ನುವುದು ನನಗೆ ಇವತ್ತಿಗೂ ಆಶ್ಚರ್ಯ. ಕೆಳಗೆ ನೋಡಬಾರದು ಎಂದು ಬಾಯಿಗೆ ಬಂದ ಲೆಕ್ಕ ಹೇಳಿಕೊಳ್ಳುತ್ತಾ ನಡೆಯುತ್ತಿದ್ದೆ. ಮೂವತ್ತೊಂಬತ್ತಾದ ಮೇಲೆ ನಿನಗೆ ಯಾವತ್ತೂ ಐವತ್ತೇ.

ನೆನಪಿಲ್ಲ ಎಂದು ಬರೆದದ್ದು ಮಾತ್ರ ನಾನು ನಂಬುವುದಿಲ್ಲ. ಯಾವ ಹಳ್ಳಿಯಲ್ಲಿ ಯಾವ ಮುದುಕಿ ಏನು ತಿನ್ನಲು ಕೊಟ್ಟಳು ಎನ್ನುವುದನ್ನು ನೀನು ಮರೆತವನಲ್ಲ.

ಇನ್ನೊಂದು ಮಾತು. ಇಷ್ಟು ವರ್ಷ ನಾನು ಯಾಕೆ ಬರೆಯಲಿಲ್ಲ ಎಂದು ನೀನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಎಪ್ಪತ್ತೆರಡರ ಬೇಸಿಗೆಯಲ್ಲಿ ನೀನು ರಜೆಯ ಮೇಲೆ ಸಾಸ್ವೆಹಳ್ಳಿಗೆ ಬಂದೆ. ನಾನು ಹೊನ್ನಾಳಿಗೆ ಹೋಗಿದ್ದೆ, ಸಂಜೆ ಬಸ್ಸಿಗೆ ಬರುತ್ತಾನೆ, ಇರಪ್ಪ ಎಂದು ಅವ್ವ ಹೇಳಿದ್ದಳಂತೆ. ನೀನು ಉಂಡು ಹೊರಟುಹೋದೆ. ಒಂದು ಚೀಟಿ ಇಲ್ಲ, ಒಂದು ಮಾತಿಲ್ಲ. ಕುಂಟನ ಮುಖ ನೋಡಲು ಇವನಿಗೆ ಮನಸ್ಸಾಗಲಿಲ್ಲ ಎಂದುಕೊಂಡೆ. ಬಹಳ ನೊಂದೆ, ನನ್ನೇಸಾಬ. ಯಾಕೆ ಹೋದೆ?

ಜಯಣ್ಣ

ಬಿಳಿಚೋಡು
20-9-1981

ಜಯಣ್ಣ,

ನೀನು ಬೈದ ಮೇಲೆ ತಾವು ಎನ್ನುವುದನ್ನು ಬಿಟ್ಟಿದ್ದೇನೆ. ಕಾಗದ ತಡವಾಯಿತು. ಎರಡು ಸಲ ಬರೆದು ಹರಿದು ಹಾಕಿದೆ.

ಮುದುಕಿಯ ವಿಷಯ ಎತ್ತಿದೆ ನೋಡು, ಅದನ್ನೇ ಮೊದಲು ಬರೆಯುತ್ತೇನೆ. ನಾವು ನದಿ ಮುಟ್ಟುವ ಹಿಂದಿನ ದಿನ, ಸುಟ್ಟುಹೋದ ಒಂದು ಊರು. ಬಾಳೆಗಿಡದ ಹಿಂದಿನಿಂದ ಒಬ್ಬ ಅಜ್ಜಿ ಬಂದು ಸೆರಗಿನಲ್ಲಿ ಏನೋ ತಂದಳು. ನಮಗೆ ಅವಳ ಮಾತು ತಿಳಿಯದು, ಅವಳಿಗೆ ನಮ್ಮದು ತಿಳಿಯದು. ಸೆರಗು ಬಿಚ್ಚಿದರೆ ಮಂಡಕ್ಕಿ! ನಮ್ಮ ದಾವಣಗೆರೆ ಮಂಡಕ್ಕಿಯೇ. ಸಾಸಿವೆ ಎಣ್ಣೆ, ಹಸಿಮೆಣಸಿನಕಾಯಿ ಹಾಕಿ ಕಲಸಿದ್ದಳು. ನೀನು ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡು ಮುಖ ಆ ಕಡೆ ತಿರುಗಿಸಿದೆ. ಖಾರ ಜಾಸ್ತಿ ಆಯಿತು ಅಂದೆ. ಖಾರ ಅಷ್ಟೇನಿರಲಿಲ್ಲ. ನಾನೂ ಆ ಕಡೆಯೇ ತಿರುಗಿದ್ದೆ. ಇವತ್ತಿಗೂ ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ಮಂಡಕ್ಕಿ ಕಟ್ಟಿಸಿಕೊಂಡಾಗ ಆ ಅಜ್ಜಿ ಉಂಡಳೋ ಇಲ್ಲವೋ ಎಂದು ಒಂದು ಸಲ ಅನಿಸುತ್ತದೆ.

ನಿಮ್ಮ ಮನೆಯಿಂದ ಬಂದ ಅಡಿಕೆಯ ಪೊಟ್ಟಣ ನೆನಪಿದೆಯೇ? ತಮಿಳರು, ತೆಲುಗರು ಎಲ್ಲರೂ ಬಂದು ಕೈಯೊಡ್ಡುತ್ತಿದ್ದರು. ನೀನು ಹಲ್ಲಿನಿಂದ ಅರ್ಧ ಮಾಡಿ ನನಗೆ ಕೊಡುತ್ತಿದ್ದೆ. ಊರಿನಲ್ಲಿ ಆಗಿದ್ದರೆ ನೀನು ಕೊಡುತ್ತಿರಲಿಲ್ಲ, ನಾನು ತಗೊಳ್ಳುತ್ತಿರಲಿಲ್ಲ. ಅಲ್ಲಿ ಯಾರಿಗೂ ಅದು ಹೊಳೆಯಲೇ ಇಲ್ಲ.

ನೆನಪಿಲ್ಲ ಎಂದು ಬರೆದದ್ದು ಸುಳ್ಳು. ಆ ಬೆಳಗು ಹೀಗಾಯಿತು. ಹವಾಲ್ದಾರರು ಕೇಳಿದಾಗ ನೀನು ಕೈ ಎತ್ತಿದೆ. ಅಂಗಿ, ಬೂಟು ತೆಗೆದೆ. ಮೂರು ಸಲ ಮುಳುಗಿದೆ. ಎರಡು ಸಲ ಬರಿಗೈಯಲ್ಲಿ ಎದ್ದೆ. ಮೂರನೆಯ ಸಲ ಎಷ್ಟು ಹೊತ್ತಾದರೂ ಏಳಲಿಲ್ಲ. ನಾನು, ನೀರು ಕಂಡರೆ ಆಗದವನು, ಸೊಂಟದ ತನಕ ಇಳಿದುಬಿಟ್ಟಿದ್ದೆ. ಆಗ ಹಗ್ಗ ಸಡಿಲವಾಯಿತು, ನೀನು ಎದ್ದೆ. ದಡಕ್ಕೆ ಬಂದು ನನ್ನ ಕಡೆ ಕೈ ಚಾಚಿ ಏನೋ ಹೇಳಲು ಹೋದೆ. ಶೆಲ್ ಬಿದ್ದದ್ದು ಆಗ. ನಿನ್ನನ್ನು ಹೊತ್ತುಕೊಂಡು ಹೋದರು. ಮಧ್ಯಾಹ್ನ ಆ ಸೇತುವೆಯ ಮೇಲೆ ನಮ್ಮ ಗಾಡಿಗಳು ದಾಟಿದವು. ಇಷ್ಟು ನಿನ್ನ ಸಂಚಿಕೆಗೆ ಸಾಕು.

ಎಪ್ಪತ್ತೆರಡರ ವಿಷಯ. ನನ್ನ ಬಸ್ಸಿಗೆ ಹೊತ್ತಾಗಿತ್ತು, ಅದಕ್ಕೇ ಹೋದೆ. ನಿನ್ನ ಕಾಲಿಗಾಗಿ ಅಲ್ಲ. ದೇವರಾಣೆ, ನಿನ್ನ ಕಾಲಿಗಾಗಿ ಅಲ್ಲ.

ನನ್ನೇಸಾಬ

ಚನ್ನಗಿರಿ
25-10-1981

ನನ್ನೇಸಾಬ,

ನಿನ್ನ ಕಾಗದವನ್ನು ತಕ್ಕಡಿಯ ಮುಂದೆ ಕೂತು ಎರಡು ಸಲ ಓದಿದೆ. ನೀನು ಸೊಂಟದ ತನಕ ನೀರಿಗಿಳಿದದ್ದು ಇಷ್ಟು ವರ್ಷ ನನಗೆ ಗೊತ್ತಿರಲಿಲ್ಲ. ಅದನ್ನೂ ಬರೆದಿದ್ದೇನೆ. ಬಸ್ಸಿನ ಕಥೆಯನ್ನು ಮಾತ್ರ ಬೇರೆ ಯಾರಿಗಾದರೂ ಹೇಳು. ಸಾಸ್ವೆಹಳ್ಳಿಗೆ ಆಗ ಎಷ್ಟು ಬಸ್ಸು, ಎಷ್ಟು ಹೊತ್ತಿಗೆ ಎನ್ನುವುದು ನನಗೆ ಗೊತ್ತು. ಹೋಗಲಿ ಬಿಡು.

ನನ್ನ ಬರಹದ ಕೊನೆಯ ಭಾಗ ನಕಲು ಮಾಡಿ ಕಳಿಸುತ್ತಿದ್ದೇನೆ. ತಪ್ಪಿದ್ದರೆ ತಿದ್ದು. ನವೆಂಬರ್ ಹದಿನೈದಕ್ಕೆ ಅಚ್ಚಿಗೆ ಕೊಡಬೇಕು.

“ಆ ನದಿ ನನ್ನಿಂದ ಎರಡು ತೆಗೆದುಕೊಂಡಿತು. ಒಂದು, ಕಾಲಿನ ಬಲ. ಇನ್ನೊಂದು, ಹುಟ್ಟಿದ ಹನ್ನೊಂದನೆಯ ದಿನ ನಮ್ಮ ಮಠದ ಅಯ್ಯನವರು ನನಗೆ ಕಟ್ಟಿದ ಇಷ್ಟಲಿಂಗ. ಆಸ್ಪತ್ರೆಯಲ್ಲಿ ಎಚ್ಚರವಾದಾಗ ಮೊದಲು ಕೈ ಹೋದದ್ದು ಕಾಲಿಗಲ್ಲ, ಕೊರಳಿಗೆ. ಅಲ್ಲಿ ಲಿಂಗ ಇಡುವ ಕರಡಿಗೆಯೂ ಇರಲಿಲ್ಲ, ಅದನ್ನು ಕಟ್ಟಿದ ಶಿವದಾರವೂ ಇರಲಿಲ್ಲ. ಮುಳುಗಿದಾಗ ನೀರು ಎಳೆದುಕೊಂಡು ಹೋಗಿತ್ತು.”

ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ನಿನಗೆ ನಮ್ಮ ಪದ್ಧತಿ ಗೊತ್ತಿದೆ. ಹುಟ್ಟಿದಾಗ ಕಟ್ಟಿದ್ದನ್ನು ಸತ್ತಾಗ ಅಂಗೈಯಲ್ಲಿಟ್ಟು ಮಣ್ಣು ಮಾಡುತ್ತಾರೆ. ಅದು ಮೈ ಬಿಟ್ಟರೆ ಮನುಷ್ಯ ಇದ್ದೂ ಇಲ್ಲದವನ ಲೆಕ್ಕ. ಹೊನ್ನಾಳಿಗೆ ಹೋಗಿ ಹೊಸದು ಕಟ್ಟಿಸಿಕೊಂಡು ಬಂದೆ. ಅವತ್ತೇ ನೀನು ಬಂದು ಹೋದದ್ದು. ಅಯ್ಯನವರು ತಪ್ಪೇನಿಲ್ಲ ಎಂದರು. ಅವ್ವನಿಗೆ ಒಪ್ಪಿಗೆಯಾಗಲಿಲ್ಲ. ಕಾಲು ಹೋದದ್ದಕ್ಕೆ ಅವಳು ಅತ್ತಿಲ್ಲ, ಲಿಂಗ ಹೋದದ್ದಕ್ಕೆ ಇವತ್ತಿಗೂ ಅಳುತ್ತಾಳೆ. ನಾನು ಊರಿಗೆ ಹೋಗಿ ಪೂಜೆಗೆ ಕೂತಾಗ ಪಕ್ಕದಲ್ಲಿ ಕೂರುವುದಿಲ್ಲ, ಎದ್ದು ಒಳಗೆ ಹೋಗುತ್ತಾಳೆ. ಅಂಗೈಯಲ್ಲಿ ಹೊಸದನ್ನು ಇಟ್ಟುಕೊಂಡಾಗ ನನಗೂ ಯಾರದೋ ಮನೆಯಲ್ಲಿ ಉಣ್ಣುತ್ತಾ ಕೂತಂತೆ ಅನಿಸುತ್ತದೆ.

ಇದು ಅಚ್ಚಾಗಲಿ. ಹೊಳೆಗೆ ಹೋಯಿತು ಎಂದು ನಾಲ್ಕು ಜನ ಓದಿದರೆ ಅಲ್ಲಿಗೆ ಮುಗಿಯಿತು ಎಂದು ನನ್ನ ಮನಸ್ಸೂ ಒಪ್ಪಬಹುದು.

ಜಯಣ್ಣ

ಬಿಳಿಚೋಡು
2-11-1981

ಜಯಣ್ಣ,

ಅಚ್ಚಿಗೆ ಕೊಡಬೇಡ. ಅದು ಹೊಳೆಗೆ ಹೋಗಿಲ್ಲ. ನನ್ನ ಹತ್ತಿರ ಇದೆ.

ಬರೆದೆ. ಇನ್ನು ಉಳಿದದ್ದನ್ನೂ ಬರೆಯುತ್ತೇನೆ. ಅವತ್ತು ಅಂಗಿ ತೆಗೆದ ಮೇಲೆ ನೀನು ಶಿವದಾರ ಮುಟ್ಟಿ ನೋಡಿಕೊಂಡೆ. ಒಂಬತ್ತು ದಿನ ನೀರಿನಲ್ಲಿ, ಕೆಸರಿನಲ್ಲಿ ನೆನೆದು ಅದು ಎರಡು ಎಳೆಗೆ ಬಂದಿತ್ತು. ಸೆಳವು ಜೋರಿತ್ತು. ನೀನು ಸುತ್ತ ನೋಡಿದೆ. ನೆಲಕ್ಕೆ ಇಡುವಂತಿಲ್ಲ, ಗಿಡಕ್ಕೆ ತೂಗುವಂತಿಲ್ಲ, ಮನುಷ್ಯರ ಮೈಮೇಲೇ ಇರಬೇಕು. ಹತ್ತಿರ ಇದ್ದವನು ನಾನೊಬ್ಬ. “ಒಂದು ಗಳಿಗೆ ನಿನ್ನ ಕೊರಳಾಗೆ ಇರ್ಲಿ. ನೆಲಕ್ಕೆ ಮಾತ್ರ ಇಡಬ್ಯಾಡ” ಅಂದು ನೀನೇ ನನ್ನ ಕೊರಳಿಗೆ ಕಟ್ಟಿ ನೀರಿಗಿಳಿದೆ. ಎದ್ದು ಬಂದು ಕೈ ಚಾಚಿದ್ದು ಅದಕ್ಕೇ. ನಿನ್ನ ಕೈ ನನಗೆ ತಲುಪಲಿಲ್ಲ.

ಆಸ್ಪತ್ರೆಗೆ ಕಳಿಸೋಣವೆಂದರೆ ಯಾರ ಕೈಯಲ್ಲಿ ಕಳಿಸಲಿ? ಕಾಗದದಲ್ಲಿ ಬರೆಯಲು ಹೆದರಿದೆ, ಮಿಲಿಟರಿಯ ದೊಡ್ಡವರು ಓದಿಯೇ ಮುಂದಕ್ಕೆ ಬಿಡುತ್ತಿದ್ದರು. ಮೊದಲ ರಜೆ ಸಿಕ್ಕ ಕೂಡಲೇ ಮನೆಗೂ ಹೋಗದೆ ನೇರ ಸಾಸ್ವೆಹಳ್ಳಿಗೆ ಬಂದೆ. ನಿಮ್ಮ ಅವ್ವ ಜಗಲಿಯ ಮೇಲೆ ಕೂರಿಸಿ ರೊಟ್ಟಿ, ಪಲ್ಯ ಕೊಟ್ಟರು. ಮಗನ ಜೊತೆಗಿದ್ದವನು ಎಂದು ಕೇಳಿ ತುಪ್ಪ ಹಾಕಿದರು. ನಾನು ಅಂಗಿಯ ಗುಂಡಿಗೆ ಕೈ ಹಾಕಿದ್ದೆ, ತೆಗೆದು ಕೊಡೋಣವೆಂದು. ಅಷ್ಟರಲ್ಲಿ ಅವರು ಹೇಳಿದರು, “ಹೊಸದು ಕಟ್ಟಿಸ್ಕೊಂಡು ಬರಾಕೆ ಹೋಗ್ಯಾನಪ್ಪ. ಹಳೇದು ಹೊಳೆ ಪಾಲಾತು. ಆಗ್ಲಿ ಬಿಡು, ಗಂಗವ್ವ ತಗಂಡ್ಲು. ಕಂಡೋರ ಕೈಗೆ ಸಿಕ್ಕಿ ಮೈಲಿಗೆ ಆಗಿದ್ರೆ ನಾ ಉಳೀತಿರಲಿಲ್ಲ.”

ಕೈ ಅಲ್ಲೇ ನಿಂತಿತು, ಜಯಣ್ಣ. ಅದು ಆಗ ನನ್ನ ಎದೆಯ ಮೇಲಿತ್ತು. ರೊಟ್ಟಿ ಮುಗಿಸಿದೆ, ಬಿಡಲಿಲ್ಲ, ಬಿಟ್ಟರೆ ಕೇಳುತ್ತಾರೆಂದು. ಎದ್ದು ಬಂದೆ.

ಅಲ್ಲಿಂದ ಇಲ್ಲಿಯ ತನಕ ಅದು ನನ್ನ ಮೈಮೇಲೇ ಇದೆ. ಕರಡಿಗೆಗೆ ಹತ್ತಿ ಸುತ್ತಿ ಬಟ್ಟೆಯ ಚೀಲ ಹೊಲಿದಿದ್ದೇನೆ. ಊರವರು ತಾಯಿತ ಎಂದುಕೊಂಡಿದ್ದಾರೆ. ಸುಗ್ರಾಳಿಗೆ ಮದುವೆಯ ಮೊದಲ ವಾರವೇ ಹೇಳಿದೆ. ಅಪ್ಪ ಇದ್ದಾಗ ಅವರನ್ನೂ ಕೇಳಿದೆ, ಇದನ್ನು ಕಟ್ಟಿಕೊಂಡು ನಮಾಜಿಗೆ ನಿಲ್ಲಬಹುದೇ ಎಂದು. “ನಂಬಿ ಇಡಾಕೆ ಕೊಟ್ಟಿದ್ದು, ಅಮಾನತ್ತು ಅಂದ್ಮ್ಯಾಲೆ ಆತು. ಕೊಟ್ಟೋನು ಬರೋ ತನಕ ಅದು ನಿಂದಲ್ಲ, ಬಿಸಾಕಾಕೂ ಬರಲ್ಲ” ಅಂದರು. ನಮಾಜಿನಲ್ಲಿ ಬಗ್ಗಿ ಹಣೆ ಊರಿದಾಗ ಚೀಲ ಜೋತು ನೆಲಕ್ಕೆ ತಾಗುತ್ತಿತ್ತು. ಅದಕ್ಕೆ ಎದೆಗೆ ಒಂದು ಬಟ್ಟೆ ಬಿಗಿದು ಕಟ್ಟಿಕೊಳ್ಳುತ್ತೇನೆ. ಪೂಜೆ ಮಾಡಿದ್ದೇನೆ ಎಂದು ಸುಳ್ಳು ಹೇಳಲಾರೆ. ನನಗೆ ಗೊತ್ತಿಲ್ಲ, ಮಾಡುವವನೂ ಅಲ್ಲ. ನೆಲಕ್ಕೆ ಮಾತ್ರ ಇಟ್ಟಿಲ್ಲ. ಒಂದು ದಿನವೂ ಇಟ್ಟಿಲ್ಲ.

ನೀನು ಹತ್ತು ವರ್ಷ ನೋಯುತ್ತಿದ್ದೀಯ ಎಂದು ನನಗೆ ತಿಳಿಯಲಿಲ್ಲ. ಹೊಸದು ಕಟ್ಟಿಸಿಕೊಂಡ, ಮರೆತ ಎಂದುಕೊಂಡಿದ್ದೆ. ನಿಮ್ಮ ಅವ್ವ ಅಳುತ್ತಾರೆಂದು ಓದಿದ ಮೇಲೆ ಊಟ ಸೇರುತ್ತಿಲ್ಲ. ಈಗ ಏನು ಮಾಡಬೇಕು ಹೇಳು. ನನ್ನ ಮೈ ತಾಗಿದ್ದು ನಿನಗೆ ಬೇಡವೆಂದರೆ ಅದನ್ನೂ ಹೇಳು, ಸಿಟ್ಟಿಲ್ಲ.

ನನ್ನೇಸಾಬ

ಬಿಳಿಚೋಡು
7-3-1982

ಜಯದೇವಪ್ಪನವರಿಗೆ,

ನಾಲ್ಕು ತಿಂಗಳಾಯಿತು, ತಮ್ಮಿಂದ ಉತ್ತರವಿಲ್ಲ. ಜಗಳೂರಿನಲ್ಲಿ ಒಬ್ಬರ ಮನೆಯಲ್ಲಿ ಸಂಚಿಕೆ ನೋಡಿದೆ. ಅದರಲ್ಲಿ ತಮ್ಮ ಬರಹ ಇಲ್ಲ. ಅರ್ಥವಾಯಿತು.

ನನ್ನಿಂದ ತಪ್ಪಾಗಿದೆ. ತಾಯಿಯವರಿಗೆ ಈ ವಿಷಯ ತಿಳಿಸದಿದ್ದರೆ ಒಳ್ಳೆಯದು. ಅದನ್ನು ರಿಜಿಸ್ಟರ್ ಮಾಡಿ ಕಳಿಸೋಣವೆಂದು ಅಂಚೆ ಕಚೇರಿಯ ತನಕ ಹೋಗಿದ್ದೆ. ನೋಡಿದರೆ ಅಂಚೆ ಚೀಲವನ್ನು ನೆಲದ ಮೇಲೆ ಎಸೆದಿದ್ದರು, ಅದರ ಮೇಲೆ ಕಾಲಿಟ್ಟು ಬಾಯಿ ಕಟ್ಟುತ್ತಿದ್ದರು. ವಾಪಸ್ ಬಂದೆ. ತಾವು ಯಾರನ್ನಾದರೂ ತಮ್ಮವರನ್ನೇ ಕಳಿಸಿದರೆ ಅವರ ಕೊರಳಿಗೆ ಕಟ್ಟಿ ಕಳಿಸುತ್ತೇನೆ. ತಾವೇ ಬರಬೇಕೆಂದಿಲ್ಲ.

ತಮ್ಮ,
ನನ್ನೇಸಾಬ

ಸಾಸ್ವೆಹಳ್ಳಿ
18-4-1982

ನನ್ನೇಸಾಬ,

ಮತ್ತೆ ತಾವು, ತಮ್ಮ ಎಂದು ಶುರು ಮಾಡಿದ್ದೀಯ. ಈ ಸಲ ಬೈಯಲು ನನಗೆ ಮುಖವಿಲ್ಲ.

ನಿನ್ನ ನವೆಂಬರಿನ ಕಾಗದ ಓದಿದಾಗ ಮೊದಲು ಬಂದದ್ದು ಸಿಟ್ಟು. ನೀನು ಕಟ್ಟಿಕೊಂಡದ್ದಕ್ಕಲ್ಲ, ಹತ್ತು ವರ್ಷ ಬಾಯಿ ಮುಚ್ಚಿಕೊಂಡದ್ದಕ್ಕೆ. ಮಾರನೆಯ ದಿನವೇ ಬಸ್ಸು ಹತ್ತಿದೆ. ದಾವಣಗೆರೆ ಸ್ಟ್ಯಾಂಡಿನಲ್ಲಿ ನಿಮ್ಮೂರ ಬಸ್ಸು ನನ್ನ ಮುಂದೆಯೇ ಎರಡು ಸಲ ಹೋಯಿತು. ಹತ್ತಲಿಲ್ಲ. ನಿನ್ನ ಕೊರಳಿನಿಂದ ತೆಗೆದು ಕಟ್ಟಿಕೊಂಡು ಬಂದೆ ಎಂದು ಅವ್ವನಿಗೆ ಹೇಳಬೇಕಲ್ಲ. ಅವಳು ಮುಟ್ಟಬೇಡ ಎಂದರೆ ಮತ್ತೆ ನಿನ್ನ ಮುಂದೆ ಬಂದು ಆ ಮಾತು ಹೇಗೆ ಹೇಳಲಿ? ಶೆಲ್ಲಿಗೆ ಹೆದರದವನು ಎಂದು ಸಂಚಿಕೆಯಲ್ಲಿ ಬರೆದುಕೊಳ್ಳಲು ಹೊರಟಿದ್ದೆ. ಆ ಬರಹವನ್ನೇ ವಾಪಸ್ ತೆಗೆದುಕೊಂಡೆ.

ಶಿವರಾತ್ರಿಯ ಮಾರನೆಯ ದಿನ ಇಲ್ಲಿಗೆ ಬಂದು ಅವ್ವನಿಗೆ ನಿನ್ನ ಕಾಗದ ಓದಿ ಹೇಳಿದೆ. ಮುಗಿಯುವ ತನಕ ಕೇಳಿದಳು. ಎದ್ದು ಒಳಗೆ ಹೋದಳು. ಹದಿನೈದು ದಿನ ನನ್ನ ಜೊತೆ ಮಾತಿಲ್ಲ. ಅಣ್ಣ ನನ್ನನ್ನೇ ಬೈದ, ಮುದುಕಿಗೆ ಯಾಕೆ ಹೇಳಿದೆ ಎಂದು. ನಾನು ಚನ್ನಗಿರಿಗೆ ಹೋದೆ. ಅಲ್ಲಿ ನಿನ್ನ ಮಾರ್ಚಿನ ಕಾಗದ ಸಿಕ್ಕಿತು. ಮಂಡಿಯಲ್ಲಿ ಜನ ಜಾಸ್ತಿ, ರಜೆ ಸಿಗಲು ತಡವಾಯಿತು. ನಿನ್ನೆ ತಂದು ಅದನ್ನೂ ಓದಿದೆ. ಅಂಚೆ ಚೀಲ ನೆಲದ ಮೇಲೆ ಬಿದ್ದಿತ್ತು, ಅದಕ್ಕೆ ವಾಪಸ್ ಬಂದ ಎಂದು ಓದಿದಾಗ ಅವ್ವ ಕೈ ಎತ್ತಿ ನಿಲ್ಲಿಸು ಅಂದಳು. ಆಮೇಲೆ ಅವಳು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆಯುತ್ತೇನೆ.

“ಆವತ್ತು ಅವನ್ನ ಜಗಲಿ ಮ್ಯಾಲೆ ಕುಂದ್ರಿಸಿ ಬ್ಯಾರೆ ತಟ್ಟೆ ಕೊಟ್ಟೆ ಕಣಪ್ಪ. ಅವನು ಅತ್ಲಾಗೆ ಹೋಗ್ತಿದ್ದಂಗೆ ಸಗಣಿ ನೀರು ಹಾಕಿ ಆ ಜಾಗ ಸಾರಿಸ್ದೆ. ನಿನ್ನ ಲಿಂಗ ನನ್ನ ಬಾಗ್ಲಿಗೆ ಬಂದು, ಜಗಲಿ ಮ್ಯಾಲೆ ಕುಂತು ಉಂಡು ಹೋಗೈತೆ. ನಾ ಅದು ಕುಂತ ಜಾಗ ತೊಳ್ದು ಮಡಿ ಮಾಡೀನಿ. ಹತ್ತು ವರ್ಷ ಅಳ್ತಾ ಕುಂತಿದ್ದು ಏನಕ್ಕೆ, ನನ್ನ ಕೈಯಾರೆ ನಾನೇ ಕಳಿಸೀನಿ.”

ಹೇಳಿ ಅತ್ತಳು. ನಾನೂ ಅತ್ತೆ. ಇವತ್ತು ಬೆಳಗ್ಗೆ ಅಯ್ಯನವರನ್ನು ಮನೆಗೇ ಕರೆಸಿ ತಾನೇ ಕೇಳಿದಳು. ಅವರು ನಿನ್ನ ಕಾಗದವನ್ನೆಲ್ಲ ಓದಿ, ಹುಟ್ಟಿದಾಗ ಕಟ್ಟಿದ್ದೇ ಇರಲಿ, ಆಮೇಲಿನದನ್ನು ಹೊಳೆಗೆ ಬಿಡಿ ಅಂದರು. ನೋಡು, ಲಿಂಗ ಹೊಳೆಗೆ ಹೋಯಿತು ಎಂದು ಹತ್ತು ವರ್ಷ ಊರಿಗೆಲ್ಲ ಹೇಳಿಕೊಂಡು ಬಂದೆ. ಈಗ ಒಂದು ಹೋಗುತ್ತದೆ.

ಅವ್ವನ ಅಪ್ಪಣೆ ಹೀಗಿದೆ. ಬೇರೆ ಯಾರ ಕೈಯಲ್ಲೂ ಕಳಿಸಕೂಡದು, ನಾನು ಬಂದು ತರಲೂ ಕೂಡದು. ನೀನೇ ಕಟ್ಟಿಕೊಂಡು ಬರಬೇಕು. ಒಳಗೆ ನಡುಮನೆಯಲ್ಲಿ ಉಣ್ಣಬೇಕು. ಆಮೇಲೆ ನಿನ್ನ ಕೈಯಿಂದಲೇ ನನಗೆ ಕಟ್ಟಬೇಕು. ಯಾವಾಗ ಬರುತ್ತೀಯ?

ಜಯಣ್ಣ

ಬಿಳಿಚೋಡು
24-4-1982

ಜಯಣ್ಣ, ಬರುವ ತಿಂಗಳು ಎರಡನೇ ತಾರೀಖು ಭಾನುವಾರ ಬರುತ್ತೇನೆ. ಕಾರ್ಡಿನಲ್ಲಿ ಇದಕ್ಕಿಂತ ಹೆಚ್ಚು ಬರೆಯಲಾರೆ, ಅಂಚೆಯವನು ಓದುತ್ತಾನೆ.

ನನ್ನೇಸಾಬ

ಬಿಳಿಚೋಡು
9-5-1982

ಜಯಣ್ಣ,

ಬಂದು ಒಂದು ವಾರವಾಯಿತು. ಕೊರಳು ಹಗುರವಾಗಿ ಎಲ್ಲೋ ಏನೋ ಮರೆತು ಬಂದಂತೆ ಆಗುತ್ತದೆ. ಬಗ್ಗಿದಾಗಲೆಲ್ಲ ಕೈ ತಾನಾಗಿ ಎದೆಗೆ ಹೋಗುತ್ತದೆ. ಎದೆಗೆ ಕಟ್ಟುತ್ತಿದ್ದ ಬಟ್ಟೆಯನ್ನು ಸುಗ್ರಾ ಒಗೆದು ಮಡಿಚಿ ಪೆಟ್ಟಿಗೆಯಲ್ಲಿಟ್ಟಿದ್ದಾಳೆ.

ನಿನ್ನ ಕೊರಳಿಗೆ ಕಟ್ಟುವಾಗ ನಾನು ಅದೇ ಲಂಗರಿನ ಗಂಟು ಹಾಕಿದ್ದನ್ನು ನೀನು ನೋಡಿ ನಕ್ಕೆ. ನಗು. ಆ ಗಂಟನ್ನು ಬಿಚ್ಚಲು ಈಗ ನಿಮ್ಮ ಅಯ್ಯನವರಿಂದಲೂ ಆಗದು. ಹೊಳೆಯಲ್ಲಿ ಮೊಣಕಾಲಿನ ತನಕ ಇಳಿದಾಗ ನಾನು ಕೂಗಿಕೊಳ್ಳಲಿಲ್ಲ, ಅದನ್ನೂ ಎಲ್ಲಾದರೂ ಬರೆದಿಡು. ನೀನು ಹೊಸದನ್ನು ನೀರಿಗೆ ಬಿಟ್ಟು, ಬರಿಗೈಯನ್ನು ನೋಡುತ್ತಾ ನಿಂತಾಗ ನಾನು ಮನಸ್ಸಿನಲ್ಲೇ ಲೆಕ್ಕ ಹೇಳಿಕೊಳ್ಳುತ್ತಿದ್ದೆ. ಮೂವತ್ತೊಂಬತ್ತಾದ ಮೇಲೆ ನಲವತ್ತು ಬಂತು.

ನಿನಗೆ ಗೊತ್ತಿಲ್ಲದ್ದು ಒಂದಿದೆ. ಅದಕ್ಕಾಗಿಯೇ ಈ ಕಾಗದ.

ಎಪ್ಪತ್ತೆರಡರಲ್ಲಿ ನಿಮ್ಮ ಮನೆಯಿಂದ ಹೊರಟು ಬೀದಿಯ ತಿರುವಿಗೆ ಬಂದಾಗ ಒಂದು ಸಲ ತಿರುಗಿ ನೋಡಿದ್ದೆ. ಗಟ್ಟಿ ಮನಸ್ಸು ಮಾಡಿ ವಾಪಸ್ ಹೋಗಿ ಕೊಟ್ಟುಬಿಡೋಣ ಎಂದು ನಿಂತಿದ್ದೆ. ನಿಮ್ಮ ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಾನು ಕೂತಿದ್ದ ಜಾಗಕ್ಕೆ ಸಗಣಿ ನೀರು ಹಾಕುತ್ತಿದ್ದರು. ಅವರ ಬಾಯಿಯ ಮಾತಿಗಷ್ಟೇ ನಾನು ವಾಪಸ್ ಹೋಗದೆ ಉಳಿದವನಲ್ಲ, ಜಯಣ್ಣ. ಅದನ್ನು ಕಂಡದ್ದಕ್ಕೆ. ನವೆಂಬರಿನ ಕಾಗದದಲ್ಲಿ ಇದನ್ನು ಬರೆದು ಹೊಡೆದು ಹಾಕಿದೆ. ಹೆತ್ತ ತಾಯಿಯ ವಿಷಯ ಮಗನಿಗೆ ಬರೆಯಲು ಮನಸ್ಸು ಬರಲಿಲ್ಲ. ಅವರೇ ಹೇಳಿಕೊಂಡಿದ್ದಾರೆಂದು ನಿನ್ನ ಕಾಗದದಲ್ಲಿ ಓದಿದಾಗ ನನಗೇ ನಾಚಿಕೆಯಾಯಿತು.

ಮೊನ್ನೆ ಊಟವಾದ ಮೇಲೆ ನೀನು ಬಸ್ಸು ನಿಲ್ಲಿಸಲು ಕುಂಟುತ್ತಾ ಮುಂದೆ ಹೋದೆ. ನಾನು ಚಪ್ಪಲಿ ಹಾಕಿಕೊಳ್ಳಲು ಜಗಲಿಯ ಮೇಲೆ ಕೂತೆ. ಅದೇ ಜಾಗ, ಕಂಬದ ಪಕ್ಕ. ನಿಮ್ಮ ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. “ಹೋಗಿ ಬರ್ತೀನ್ರವ್ವ” ಅಂದೆ. ಬಾ ಅಂದರು, ಅಷ್ಟೇ. ತಿರುವಿನ ತನಕ ನೆಟ್ಟಗೆ ನಡೆದೆ. ತಿರುಗಿ ನೋಡಬಾರದು ಎಂದುಕೊಂಡಿದ್ದೆ. ಆಗಲಿಲ್ಲ, ನೋಡಿದೆ.

ಅವರ ಕೈಯಲ್ಲಿ ಏನೂ ಇರಲಿಲ್ಲ. ಕಂಬಕ್ಕೆ ಒರಗಿ, ನಾನು ಕೂತಿದ್ದ ಜಾಗದಲ್ಲಿ ತಾವೇ ಕೂತಿದ್ದರು.

ನನ್ನೇಸಾಬ